ಹೊಟ್ಟೆಗೆ ಹಿಟ್ಟಿಲ್ಲ, ಟೇಬಲ್ಲಿಗೆ ಮಲ್ಲಿಗೆ

ಮುಳುಗುತ್ತಿರುವ ರೆಸ್ಟೋರೆಂಟನ್ನು ಮೇಲೆತ್ತಲು ಏನೇನು ಬೇಕು? ಟಿವಿಯವರನ್ನು ಕೇಳಿದರೆ ಪಟ್ಟಿ ಚಿಕ್ಕದು. ಬೈಯಲು ಒಬ್ಬ ಶೆಫ್, ಅಳಲು ಒಬ್ಬ ಮಾಲೀಕ, ಗೋಡೆಗೆ ಒಂದಿಷ್ಟು ಬಣ್ಣ.

ಬ್ರಿಟಿಷ್ ಶೆಫ್ ಗಾರ್ಡನ್ ರಾಮ್ಸೆ ಈ ವ್ರತವನ್ನು 2004ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಶುರು ಮಾಡಿದರು. 2007ರಲ್ಲಿ ಅಮೆರಿಕದ ಫಾಕ್ಸ್‌ಗೂ ಒಯ್ದರು. ‘ಕಿಚನ್ ನೈಟ್‌ಮೇರ್ಸ್’ ನೋಡುವವರಿಗೆ ಅದರ ವಿಧಿವಿಧಾನ ಬಾಯಿಪಾಠ. ಶೆಫ್ ಬರುತ್ತಾರೆ, ಒಂದು ತುತ್ತು ತಿಂದು ಉಗುಳುತ್ತಾರೆ. ಫ್ರಿಜ್ ತೆರೆದರೆ ಬೂಸಲು ಹಿಡಿದ ಮಾಂಸ. ಆಮೇಲೆ ಬೈಗುಳ, ಬೀಪ್, ಕಣ್ಣೀರು. ರಾತ್ರೋರಾತ್ರಿ ಕುರ್ಚಿ, ದೀಪ, ಮೆನು ಎಲ್ಲಾ ಹೊಸದು. ಬೆಳಗ್ಗೆ ಮಾಲೀಕರು ಒಳಗೆ ಬಂದು, ಬಾಯಿ ಮೇಲೆ ಕೈಯಿಟ್ಟು, ‘ಇದು ನಮ್ಮದೇನಾ?’ ಅನ್ನುತ್ತಾರೆ.

ಅನುಮಾನ ಸರಿಯಾಗೇ ಇದೆ. ಅದು ಬ್ಯಾಂಕಿನದು.

ಇಂಥದ್ದೇ ಇನ್ನೊಂದು ಕಾರ್ಯಕ್ರಮದಲ್ಲಿ ಶೆಫ್ ರಾಬರ್ಟ್ ಅರ್ವೈನ್ ಅವರಿಗೆ ಹೆಚ್ಚು ಹೊತ್ತೂ ಬೇಕಿರಲಿಲ್ಲ, ಹೆಚ್ಚು ಖರ್ಚೂ ಬೇಕಿರಲಿಲ್ಲ. ಎರಡು ದಿನ, 10,000 ಡಾಲರ್, ಮುಗೀತು. ವರ್ಷಗಟ್ಟಲೆ ಬೆಳೆದ ಸಾಲ, ಬಾಕಿ ಬಾಡಿಗೆ, ಬಾಕಿ ತೆರಿಗೆ ಎಲ್ಲಾ ಹೊಸ ಪರದೆ ನೋಡಿ ನಾಚಿಕೊಂಡು ಓಡಿಹೋಗಬೇಕು, ಅಲ್ವಾ?

ಅವು ಓಡುವುದಿಲ್ಲ. ಈ ದಂಧೆಯಲ್ಲಿ ನೂರು ಡಾಲರ್ ವ್ಯಾಪಾರವಾದರೆ ಮೂರೋ ಐದೋ ಉಳಿಯುವುದೇ ಹೆಚ್ಚು. ಮಿಕ್ಕ ತೊಂಬತ್ತೈದು ಚಿಲ್ಲರೆಯನ್ನು ಸಾಮಾನು, ಸಂಬಳ, ಬಾಡಿಗೆ ನುಂಗಿಬಿಡುತ್ತವೆ. ಆ ಮೂರರಲ್ಲೇ ಹಳೇ ಸಾಲದ ಕಂತೂ ಹೋಗಬೇಕು. ಆದರೆ ಕಂತು ಕಟ್ಟುವುದನ್ನು ತೋರಿಸಿದರೆ ಯಾರು ನೋಡುತ್ತಾರೆ? ಬೂಸಲಿಗಿರುವ ಕಳೆ ಬಡ್ಡಿಗಿಲ್ಲ.

ಇನ್ನು ಶೂಟಿಂಗ್ ಮುಗಿದು ಪ್ರಸಾರವಾಗಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಕೆಲವು ಕಡೆ ಬಾಗಿಲೇ ಮುಚ್ಚಿರುತ್ತದೆ. ಅಂದರೆ ಪರದೆ ಮೇಲೆ ಪುನರ್ಜನ್ಮದ ಸಂಭ್ರಮ, ಬೀದಿಯಲ್ಲಿ ತಿಥಿ. ಬದುಕಿದ್ದವಕ್ಕೆ ಒಂದಷ್ಟು ದಿನ ಜನ ನುಗ್ಗುತ್ತಾರೆ, ಸುಮ್ನೆ ಯಾರು ಅತ್ತ ಮಾಲೀಕ ಅಂತ ನೋಡಲು. ಸೆಲ್ಫಿ ತೆಗೆದುಕೊಂಡು ಹೋದವರು ಮತ್ತೆ ಬರುವುದಿಲ್ಲ. ಮಾಲೀಕರೂ ಮೆಲ್ಲಗೆ ಹಳೇ ಮೆನುವನ್ನೇ ಹೊರತೆಗೆಯುತ್ತಾರೆ. ತಾವು ಕೆಟ್ಟದಾಗಿ ಅಡುಗೆ ಮಾಡುತ್ತೇವೆ ಎಂದು ಕ್ಯಾಮೆರಾ ಮುಂದೆ ಒಪ್ಪುವುದು ಬೇರೆ, ನಿಜವಾಗಿ ಒಪ್ಪುವುದು ಬೇರೆ.

ಅರಿಜೋನಾದ ಸ್ಕಾಟ್ಸ್‌ಡೇಲ್‌ನ ‘ಏಮೀಸ್ ಬೇಕಿಂಗ್ ಕಂಪನಿ’ಯದ್ದು ನನಗೆ ಬಲು ಇಷ್ಟದ ಕಥೆ. ಮಾಲೀಕರು ಯಾವ ಮಾತಿಗೂ ಬಗ್ಗಲಿಲ್ಲ. ರಾಮ್ಸೆ ಕೈಚೆಲ್ಲಿ ಹೊರಟೇಬಿಟ್ಟರು. 2013ರಲ್ಲಿ ಪ್ರಸಾರವಾದ ಆ ಕಂತಿನಲ್ಲಿ ಹೊಸ ಬಣ್ಣವೂ ಇಲ್ಲ, ಹೊಸ ಮೆನುವೂ ಇಲ್ಲ, ಅಪ್ಪುಗೆಯೂ ಇಲ್ಲ. ಇಂಟರ್ನೆಟ್ಟಿನಲ್ಲಿ ಜಗತ್ತೇ ಉಗಿಯಿತು. ಅಷ್ಟಾದರೂ ಅಂಗಡಿ 2015ರವರೆಗೆ ನಡೆಯಿತು. ಪೂರ್ತಿ ಚಿಕಿತ್ಸೆ ಪಡೆದ ಎಷ್ಟೋ ಹೋಟೆಲ್‌ಗಳಿಗೆ ಅಷ್ಟು ಆಯಸ್ಸೂ ಸಿಗಲಿಲ್ಲ!

‘ಕಿಚನ್ ನೈಟ್‌ಮೇರ್ಸ್’ನ ಆಯಸ್ಸು ಮಾತ್ರ ಗಟ್ಟಿ. 2014ರಲ್ಲಿ ನಿಂತದ್ದು 2023ರಲ್ಲಿ ಮತ್ತೆ ಎದ್ದು ಕೂತಿತು. ಹಳೇ ಕಂತುಗಳಲ್ಲಿ, ಎಂದೋ ಮುಚ್ಚಿದ ಹೋಟೆಲ್‌ಗಳು ಇವತ್ತೂ ಭರ್ತಿಯಾಗಿರುತ್ತವೆ. ನಡುನಡುವೆ ಜಾಹೀರಾತು. ಅದರ ದುಡ್ಡು ಮಾಲೀಕರ ಸಾಲಕ್ಕೆ ಜಮಾ ಆಗುವುದಿಲ್ಲ.