ಸೀಲ್ ಒಡೆಯಬೇಡಿ, ಒಳಗೆ ಸಿನಿಮಾ ಇದೆ

ಗೆಳೆಯನ ಕಪಾಟಿನಲ್ಲಿ ಸಿನಿಮಾಗಳು ಸಾಲಾಗಿ ನಿಂತಿದ್ದವು. ನಾನು ಸುಮ್ನೆ ಒಂದನ್ನು ಹೊರಗೆಳೆದೆ. ಪಕ್ಕದ ಕೋಣೆಯಲ್ಲಿದ್ದವನು ಅಲ್ಲಿಂದಲೇ ಕೂಗಿದ: "ಬೆರಳು! ಬೆರಳು!"

ನನ್ನ ಬೆರಳಿಗೇನೋ ಆಯಿತು ಅಂತ ಕೈ ನೋಡಿಕೊಂಡೆ. ಬೆರಳು ಸರಿಯಾಗಿಯೇ ಇತ್ತು. ಆ ಬೆರಳಿನಿಂದ ಡಬ್ಬಿಗೆ ಏನಾದೀತೋ ಅನ್ನೋದು ಅವನ ಭಯ. ಓಡಿ ಬಂದ. ಎರಡೂ ಅಂಗೈ ಚಾಚಿ, ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡ. ದೀಪದ ಕೆಳಗೆ ಹಿಡಿದು ನಾಲ್ಕೂ ಮೂಲೆ ನೋಡಿದ. ಆಮೇಲೆ ಉಸಿರು ಬಿಟ್ಟ.

ಅದು ಸ್ಟೀಲ್‌ಬುಕ್. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಸಿನಿಮಾ ಡಿಸ್ಕ್ ಇಡುವ ಲೋಹದ ಡಬ್ಬಿ. ಮಾಮೂಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ಸಿನಿಮಾನೇ ಇದರಲ್ಲೂ ಇರುತ್ತದೆ. ಹೊರಗಿನ ಚಿತ್ರ ಬೇರೆ, ಬೆಲೆ ಜಾಸ್ತಿ. ನನ್ನ ಗೆಳೆಯನ ಮನೆಯಲ್ಲಿ ಈ ಡಿಸ್ಕ್ ಏಳು ಸುತ್ತಿನ ಕೋಟೆಯೊಳಗೆ ವಾಸವಾಗಿದೆ. ಡಿಸ್ಕ್‌ನ ಸುತ್ತ ಲೋಹದ ಡಬ್ಬಿ. ಡಬ್ಬಿಯ ಸುತ್ತ ರಟ್ಟಿನ ಕವಚ. ಅದರ ಸುತ್ತ ಕಾರ್ಖಾನೆಯ ತೆಳು ಪ್ಲಾಸ್ಟಿಕ್. ಅದರ ಮೇಲೆ ಇವನೇ ತೊಡಿಸಿದ ದಪ್ಪ ಪ್ಲಾಸ್ಟಿಕ್. ಆಮೇಲೆ ಗಾಜಿನ ಕಪಾಟು. ಕಪಾಟಿಗೆ ಬೀಗ (ಅವತ್ತು ಹಾಕಿರಲಿಲ್ಲ ಅಷ್ಟೇ). ಬಿಸಿಲಿಗೆ ಬಣ್ಣ ಮಾಸಬಾರದು ಅಂತ ಕಿಟಕಿಗೆ ಕಪ್ಪು ಪರದೆ. ಒಳಗಿರುವವನು ರಾಜಕುಮಾರನೋ ಕೈದಿಯೋ, ಹೇಳೋದು ಕಷ್ಟ.

"ಸಿನಿಮಾ ಹೇಗಿದೆ?" ಅಂತ ಕೇಳಿದೆ.

"ಸೂಪರ್ ಮಾರಾಯ. ಮೂರು ಸಲ ನೋಡಿದೀನಿ."

"ಸೀಲೇ ಒಡೆದಿಲ್ವಲ್ಲೋ?"

"ಮೊಬೈಲಲ್ಲಿ ನೋಡಿದೆ."

ಇದೇ ಗೆಳೆಯ ಸ್ಟ್ರೀಮಿಂಗ್ ವಿಷಯ ಬಂದರೆ ಅರ್ಧ ಗಂಟೆ ಭಾಷಣ ಮಾಡುತ್ತಾನೆ. ಅವರು ಇವತ್ತು ತೋರಿಸ್ತಾರೆ, ನಾಳೆ ತೆಗೆದು ಹಾಕ್ತಾರೆ. 'ಖರೀದಿಸಿ' ಅನ್ನೋ ಗುಂಡಿ ಒತ್ತಿದ್ರೂ ಕೈಗೆ ಸಿಗೋದು ಲೈಸೆನ್ಸ್ ಅಷ್ಟೇ. ಡಿಸ್ಕ್ ಇದ್ದವನೇ ನಿಜವಾದ ಮಾಲೀಕ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಡಿಜಿಟಲ್ ಸರಕು ಮಾರುವವರು ಅದು ಬರೀ ಲೈಸೆನ್ಸ್ ಅಂತ ಗ್ರಾಹಕರಿಗೆ ಬಿಡಿಸಿ ಹೇಳಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನೇ ಬಂದಿದೆ. ಹಾಗಾಗಿ ನನ್ನ ಗೆಳೆಯ ಪಕ್ಕಾ ಮಾಲೀಕ. ಮಾಲೀಕತ್ವ ಕಪಾಟಿನಲ್ಲಿದೆ, ಸಿನಿಮಾ ಮೊಬೈಲಿನಲ್ಲಿದೆ. ಎರಡಕ್ಕೂ ದುಡ್ಡು ಅವನೇ ಕೊಡುತ್ತಾನೆ.

ಬಿಚ್ಚಬೇಕೋ ಬೇಡವೋ ಅನ್ನೋದು ಈ ಸಂಗ್ರಾಹಕರ ಲೋಕದ ದೊಡ್ಡ ಜಗಳ. ಬಿಚ್ಚದವರ ಪ್ರಕಾರ ಪ್ಲಾಸ್ಟಿಕ್ ಹರಿದ ಕ್ಷಣವೇ ಡಬ್ಬಿಯ ಮಾನ ಹೋಯಿತು. ಬಿಚ್ಚುವವರ ಪ್ರಕಾರ ಬಿಚ್ಚದವರು ಸಂಗ್ರಾಹಕರೇ ಅಲ್ಲ, ಉಗ್ರಾಣ ಕಾಯುವವರು. ಮೂರನೇ ಪಂಗಡವೂ ಇದೆ, ಅತ್ಯಂತ ಶಾಂತಿಪ್ರಿಯರದ್ದು. ಇವರು ಎರಡು ಪ್ರತಿ ಕೊಳ್ಳುತ್ತಾರೆ. ಒಂದು ಬಿಚ್ಚಲಿಕ್ಕೆ, ಒಂದು ಬಿಚ್ಚದೇ ಇರಲಿಕ್ಕೆ. ಈ ಜಗಳ ಬಗೆಹರಿಯದಿರಲಿ ಅಂತ ಡಬ್ಬಿ ತಯಾರಿಸುವವರು ದಿನಾ ಕೈ ಮುಗಿಯುತ್ತಿರಬೇಕು. ಒಂದೇ ಸಿನಿಮಾವನ್ನು ಮೂರು ಬೇರೆ ಬೇರೆ ರಟ್ಟಿನ ಕವಚ ತೊಡಿಸಿ, ಮೂರನ್ನೂ ಒಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಮೇಲೆ ಕ್ರಮಸಂಖ್ಯೆ ಒತ್ತಿ ಮಾರುವುದೂ ಉಂಟು. ಮೂರರಲ್ಲೂ ಇರುವುದು ಅದೇ ಸಿನಿಮಾ. ಮೂರರಲ್ಲೂ ನಾಯಕ ಅದೇ ಜಾಗದಲ್ಲಿ ಸಾಯುತ್ತಾನೆ.

ಈಗ ಅಂಕಪಟ್ಟಿಯ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಸೀಲ್ ಒಡೆಯದ ಕ್ಯಾಸೆಟ್ಟು, ಡಿಸ್ಕುಗಳಿಗೆ ಅಂಕ ಕೊಡುವ ಕಂಪನಿಗಳಿವೆ. ನೀವು ಡಬ್ಬಿ ಕಳಿಸಬೇಕು, ಶುಲ್ಕ ಕಟ್ಟಬೇಕು. ಅವರು ಮೂಲೆ, ಅಂಚು, ಗೀರು, ತಗ್ಗು ಎಲ್ಲ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ. ಡಬ್ಬಿಗೆ ಒಂದು ಅಂಕ. ಮೇಲೆ ಸುತ್ತಿದ ಪ್ಲಾಸ್ಟಿಕ್‌ಗೆ ಬೇರೆಯೇ ದರ್ಜೆ. ಆಮೇಲೆ ಇಡೀ ಡಬ್ಬಿಯನ್ನು ಗಟ್ಟಿ ಪಾರದರ್ಶಕ ಪೆಟ್ಟಿಗೆಯೊಳಗೆ ಮುಚ್ಚಿ ವಾಪಸ್ ಕಳಿಸುತ್ತಾರೆ. ಇನ್ನು ಮುಂದೆ ಅದು ತೆರೆಯುವ ವಸ್ತು ಅಲ್ಲ.

ಗಮನಿಸಿ. ಪ್ಲಾಸ್ಟಿಕ್ ಹಾಳೆಗೆ ದರ್ಜೆ ಇದೆ, ಸಿನಿಮಾಕ್ಕೆ ಇಲ್ಲ. ಚಿತ್ರಕಥೆ ಬರೆಯಲು ವರ್ಷಗಟ್ಟಲೆ ಹಿಡಿದಿರಬಹುದು. ಛಾಯಾಗ್ರಾಹಕ ಒಂದು ಬೆಳಕಿಗಾಗಿ ಬೆಳಗಿನ ಜಾವದಿಂದ ಕಾದಿರಬಹುದು. ಅವರ್ಯಾರೂ ಪರೀಕ್ಷೆಗೆ ಕೂತಿಲ್ಲ. ಪಾಸಾದದ್ದು ಕಾರ್ಖಾನೆಯ ಬಿಸಿಗಾಳಿಯಲ್ಲಿ ಕ್ಷಣದಲ್ಲಿ ಸುತ್ತಿಕೊಂಡ ಪ್ಲಾಸ್ಟಿಕ್. ಒಳಗಿನ ಸಿನಿಮಾ ದರಿದ್ರವಾಗಿದ್ದರೂ ಹೊದಿಕೆಗೆ ಎ ಪ್ಲಸ್ ಸಿಗುತ್ತದೆ.

ಇಂಥ ಹೊದಿಕೆ ಎಷ್ಟು ಬೆಲೆ ಬಾಳುತ್ತದೆ? 2022ರ ಜೂನ್‌ನಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಸಂಸ್ಥೆಯ ಹರಾಜಿನಲ್ಲಿ 'ಬ್ಯಾಕ್ ಟು ದ ಫ್ಯೂಚರ್' ಚಿತ್ರದ ಸೀಲ್ ಒಡೆಯದ ವಿಎಚ್‌ಎಸ್ ಕ್ಯಾಸೆಟ್ (ಟೇಪ್ ಇರುವ ಹಳೇ ವಿಡಿಯೊ ಕ್ಯಾಸೆಟ್) 75 ಸಾವಿರ ಡಾಲರಿಗೆ ಹೋಯಿತು. ಕ್ಯಾಸೆಟ್ ಯಾರದ್ದು ಗೊತ್ತಾ? ಆ ಚಿತ್ರದಲ್ಲಿ ಖಳನ ಪಾತ್ರ ಮಾಡಿದ ಟಾಮ್ ವಿಲ್ಸನ್ ಅವರದ್ದು. ನಟಿಸಿದವರೇ ತಮ್ಮ ಕ್ಯಾಸೆಟ್ ಬಿಚ್ಚಿಲ್ಲ. ನಾವು ನೀವು ಬಿಚ್ಚಿ ನೋಡುವ ಅವಸರ ಮಾಡಿದೆವು, ಅದಕ್ಕೇ ಹೀಗಿದ್ದೇವೆ.

ಆ ಸುದ್ದಿ ಬಂದ ಮೇಲೆ ಎಷ್ಟು ಅಟ್ಟಗಳು ಜಾಲಾಡಿಸಿಕೊಂಡವೋ! ಎಲ್ಲರ ಮನೆಯಲ್ಲೂ ಕ್ಯಾಸೆಟ್ ಇತ್ತು. ದುರದೃಷ್ಟಕ್ಕೆ ಅವನ್ನೆಲ್ಲ ನೋಡಿಬಿಟ್ಟಿದ್ದರು.

ಅಂಕ ಸಿಕ್ಕ ಕ್ಯಾಸೆಟ್ಟಿನ ಒಳಗೆ ಏನಾಗುತ್ತಿದೆ ಅಂತ ಮಾತ್ರ ಯಾರೂ ಕೇಳಬಾರದು. ಟೇಪಿನ ಮೇಲಿನ ಕಾಂತೀಯ ಲೇಪ ವಯಸ್ಸಾದಂತೆ ಸಡಿಲವಾಗುತ್ತದೆ. ತೇವ ಸಿಕ್ಕರೆ ಬೂಷ್ಟು ಬರುತ್ತದೆ. ಸುತ್ತಿದ ಟೇಪು ಒಂದಕ್ಕೊಂದು ಅಂಟಿಕೊಳ್ಳಲೂಬಹುದು. ಟೇಪು ಚೆನ್ನಾಗಿಯೇ ಇದ್ದರೂ ಹಾಕೋದು ಯಾವುದರಲ್ಲಿ? 1976ರಲ್ಲಿ ಶುರುವಾದ ವಿಎಚ್‌ಎಸ್‌ಗೆ ಕೊನೆಯವರೆಗೂ ಯಂತ್ರ ಮಾಡುತ್ತಿದ್ದದ್ದು ಜಪಾನಿನ ಫುನಾಯ್ ಕಂಪನಿ. 2016ರ ಜುಲೈನಲ್ಲಿ ಅದೂ ಕೈಬಿಟ್ಟಿತು. ಹಾಗಾಗಿ ಇದು ಪರಿಪೂರ್ಣ ವಸ್ತು. ಬಿಚ್ಚೋ ಹಾಗಿಲ್ಲ, ಬಿಚ್ಚಿದರೂ ಓಡುತ್ತೋ ಇಲ್ಲವೋ ಗೊತ್ತಿಲ್ಲ, ಓಡೋ ಹಾಗಿದ್ದರೂ ಯಂತ್ರ ಇಲ್ಲ.

ಡಿಸ್ಕ್ ವಾಸಿ ಅಂತೀರಾ? ಅದರೊಳಗೆ ಬೆಳಕನ್ನು ಹಿಂದಕ್ಕೆ ಕಳಿಸುವ ತೆಳ್ಳನೆ ಲೋಹದ ಪದರ ಇದೆ. ಅಂಟಿಸುವಾಗ ಕಾರ್ಖಾನೆಯಲ್ಲಿ ತಪ್ಪಾಗಿದ್ದರೆ ಒಳಗೆ ಗಾಳಿ ಸೇರಿ ಆ ಪದರ ಕೆಡುತ್ತದೆ. ಹಳೆಯ ಲೇಸರ್‌ಡಿಸ್ಕ್‌ಗಳು ಹೀಗೆ ಕೆಟ್ಟಿವೆ, ಕೆಲವು ಡಿವಿಡಿಗಳೂ ಕೆಟ್ಟಿವೆ. ಇದಕ್ಕೆ ಡಿಸ್ಕ್ ರಾಟ್ ಅಂತಾರೆ. ಅಂದರೆ ಕೊಳೆಯೋದು. ಹೊರಗೆ ಸುತ್ತಿದ ಪ್ಲಾಸ್ಟಿಕ್ ಇದನ್ನು ತಡೆಯಲ್ಲ, ನಮಗೆ ಕಾಣದ ಹಾಗೆ ಮಾಡುತ್ತದೆ. ಅದರಲ್ಲೂ ಆ ಪ್ಲಾಸ್ಟಿಕ್ ಸುಮ್ಮನೆ ಕೂರುವ ಜಾತಿಯದಲ್ಲ. ವರ್ಷ ಕಳೆದಂತೆ ಮತ್ತೆ ಬಿಗಿಯುತ್ತಾ ಹೋಗಿ ಒಳಗಿನ ರಟ್ಟನ್ನೇ ಬಾಗಿಸುತ್ತದೆ. ಕಾಪಾಡಲಿ ಅಂತ ಬಿಟ್ಟ ಕಾವಲುಗಾರನೇ ಕತ್ತು ಹಿಸುಕುವುದು ಅಂದರೆ ಇದೇ. ಜೊತೆಗೆ ಎಷ್ಟೋ ಡಬ್ಬಿಗಳಲ್ಲಿ ಡಿಜಿಟಲ್ ಪ್ರತಿ ಪಡೆಯಲು ಒಂದು ಚೀಟಿ ಇರುತ್ತದೆ. ಆ ಚೀಟಿಗೆ ಕೊನೆಯ ದಿನಾಂಕ ಉಂಟು. ಗೆಳೆಯನ ಕಪಾಟಿನಲ್ಲಿ ಅಂಥ ಎಷ್ಟು ಚೀಟಿಗಳು ಬೆಳಕು ಕಾಣದೆಯೇ ತೀರಿಕೊಂಡಿವೆಯೋ, ದೇವರೇ ಬಲ್ಲ.

ಅವನ ಹತ್ತಿರ ಒಂದು ವಿಶೇಷ ಡಬ್ಬಿ ಇದೆ. ಅಲ್ಲಾಡಿಸಿದರೆ ಒಳಗೆ ಟಕ್ ಟಕ್ ಅನ್ನುತ್ತದೆ. ಡಿಸ್ಕ್ ತನ್ನ ಹಿಡಿಯಿಂದ ಕಳಚಿ ಒಳಗೇ ಓಡಾಡುತ್ತಿದೆ ಅಂತ ಅರ್ಥ. ಪ್ರತಿ ಸಲ ಅಲ್ಲಾಡಿಸಿದಾಗಲೂ ಒಂದು ಗೀರು ಬೀಳಬಹುದು. ಬಿಚ್ಚಿ ಸರಿಯಾಗಿ ಕೂರಿಸೋಕೆ ಅರ್ಧ ನಿಮಿಷ ಸಾಕು. ಬಿಚ್ಚಲ್ಲ. ಬದಲಿಗೆ ಬಂದವರಿಗೆಲ್ಲ ಅಲ್ಲಾಡಿಸಿ ಕೇಳಿಸಿ, "ಇದೊಂದು ಬೇಜಾರು ನೋಡು" ಅಂತಾನೆ.

ಹಳೇ ಕಥೆಗಳಲ್ಲಿ ನಿಧಿ ಕಾಯುವ ಹಾವು ಬರುತ್ತಿತ್ತಲ್ಲ, ತಾನೂ ಬಳಸದು, ಬೇರೆಯವರಿಗೂ ಬಿಡದು. ಆದರೆ ಆ ಹಾವಿಗೆ ಒಂದು ನೆಮ್ಮದಿ ಇತ್ತು. ಮಾರುಕಟ್ಟೆಯಲ್ಲಿ ಇವತ್ತು ತನ್ನ ನಿಧಿಯ ದರ ಎಷ್ಟು ಅಂತ ರಾತ್ರಿ ಎರಡು ಗಂಟೆಗೆ ಎದ್ದು ನೋಡುತ್ತಿರಲಿಲ್ಲ. ಸೀಲ್ ಅಸಲಿಯೋ ನಕಲಿಯೋ ಅನ್ನೋ ಚಿಂತೆಯೂ ಇರಲಿಲ್ಲ. ಇಲ್ಲಿ ಅದೂ ಇದೆ. ಪ್ಲಾಸ್ಟಿಕ್ ಸುತ್ತುವ ಯಂತ್ರ ಯಾರು ಬೇಕಾದರೂ ಕೊಳ್ಳಬಹುದು. ಬಳಸಿದ ಡಬ್ಬಿಗೆ ಹೊಸ ಹೊದಿಕೆ ಸುತ್ತಿ, ಬಿಸಿಗಾಳಿ ಬಿಟ್ಟು, ಕನ್ಯೆ ಅಂತ ಮಾರುವವರಿದ್ದಾರೆ. ಅದನ್ನು ಪತ್ತೆ ಹಚ್ಚಲು ಬೆಸುಗೆಯ ಗೆರೆ ಎಲ್ಲಿದೆ, ಕಂಪನಿಯ ಗುರುತು ಹೊದಿಕೆಯ ಮೇಲೆ ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡುವ ತಜ್ಞರಿದ್ದಾರೆ. ಅದಕ್ಕಿಂತ ಸುಲಭದ ಪರೀಕ್ಷೆ ಒಂದಿದೆ, ಬಿಚ್ಚಿ ಒಳಗೆ ನೋಡೋದು. ಅದೊಂದನ್ನು ಮಾತ್ರ ಮಾಡೋ ಹಾಗಿಲ್ಲ.

ಬಿಚ್ಚುವವರು ಇಷ್ಟು ಹೊತ್ತು ನಗುತ್ತಾ ಓದುತ್ತಿರಬೇಕು. ನಿಮ್ಮ ಸರದಿ ಬಂತು.

ನೀವೇನು ಮನುಷ್ಯರ ಹಾಗೆ ಬಿಚ್ಚುತ್ತೀರಾ? ಒಬ್ಬರು ಬಿಚ್ಚುವುದನ್ನು ಹತ್ತಿರ ಕೂತು ನೋಡಿದ್ದೇನೆ. ಮೊದಲು ಕೈ ತೊಳೆದರು. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿದರು. ಡಾಕ್ಟರು ಬಳಸುವಂಥ ಬ್ಲೇಡಿನಿಂದ ಹೊದಿಕೆಯ ಒಂದು ಅಂಚನ್ನು ಮಾತ್ರ ಸೀಳಿ, ಡಬ್ಬಿಯನ್ನು ಮೆಲ್ಲಗೆ ಹೊರಗೆ ಜಾರಿಸಿದರು. ಹಿಂಬದಿಗೆ ಅಂಟಿಸಿದ್ದ ವಿವರದ ಹಾಳೆ ಬಿಡಿಸಿದಾಗ ಸಾಸಿವೆ ಕಾಳಿನಷ್ಟು ಅಂಟು ಉಳಿಯಿತು. ಅದನ್ನು ಉಜ್ಜಿ ತೆಗೆಯೋಕೆ ಇಪ್ಪತ್ತು ನಿಮಿಷ. ಒಳಗಿನ ಚಿತ್ರದ ಫೋಟೋ ತೆಗೆದರು. ಡಿಸ್ಕಿನ ಫೋಟೋ ತೆಗೆದರು. ಆಮೇಲೆ ಡಬ್ಬಿ ಮುಚ್ಚಿ, ಅದೇ ಸೀಳಿದ ಹೊದಿಕೆಯೊಳಗೆ ವಾಪಸ್ ಜಾರಿಸಿ, ಕಪಾಟಿಗೆ ಸೇರಿಸಿದರು.

"ನೋಡಲ್ವಾ ಸಾರ್?" ಅಂದೆ.

"ನೋಡಿದ್ವಲ್ಲ ಈಗ?"

ಡಿಸ್ಕು ಹಿಡಿಯಿಂದ ಕದಲಿರಲಿಲ್ಲ.

ಇನ್ನು ನನ್ನ ಕಥೆ. ನಾನೂ ಸಾಚಾ ಅಲ್ಲ. ನನ್ನ ಹತ್ತಿರವೂ ಒಂದು ಡಬ್ಬಿ ಮೂರು ವರ್ಷ ಸೀಲ್ ಆಗಿಯೇ ಇತ್ತು. ತುಂಬಾ ಉದ್ದದ ಸಿನಿಮಾ, ಎರಡು ಡಿಸ್ಕಿಗೆ ಹಂಚಿದ್ದಾರೆ. ಒಳ್ಳೆ ದಿನ ನೋಡಿ ನೋಡೋಣ ಅಂತ ಇಟ್ಟಿದ್ದೆ. ಹೋದ ತಿಂಗಳು ಒಂದು ಭಾನುವಾರ ಏನನ್ನಿಸಿತೋ, ಉಗುರಿನಿಂದಲೇ ಹರಿದೆ. ಆ ಸದ್ದಿನಲ್ಲಿ ಒಂದು ಸುಖ ಇದೆ, ಸುಳ್ಳು ಹೇಳಲ್ಲ. ಮೊದಲ ಡಿಸ್ಕ್ ನೋಡಿದೆ. ಕಥೆ ಕಾವೇರಿದ ಜಾಗಕ್ಕೆ ಸರಿಯಾಗಿ ಮುಗಿಯಿತು. ಎರಡನೆಯದನ್ನು ಹಾಕಿದೆ. ಸಿನಿಮಾ ಮತ್ತೆ ಮೊದಲಿನಿಂದ ಶುರುವಾಯಿತು.

ತೆಗೆದು ನೋಡಿದರೆ ಅದರ ಮೇಲೂ ಒಂದು ಅಂತಲೇ ಇದೆ. ಎರಡೂ ಮೊದಲನೇ ಡಿಸ್ಕುಗಳು. ಕಂಪನಿಗೆ ಬರೆದೆ. ಬದಲಾಯಿಸಿಕೊಡುವ ಅವಧಿ ಮುಗಿದಿದೆ, ತಡವಾಗಿ ತಿಳಿಸಿದ್ದೀರಿ ಅಂತ ತುಂಬಾ ಮರ್ಯಾದೆಯಿಂದ ಉತ್ತರ ಬಂತು.

ಗೆಳೆಯನಿಗೆ ಹೇಳಿದೆ. ಅವನು ತಲೆ ಮೇಲೆ ಕೈ ಹೊತ್ತು ಕೂತ.

"ಎಂಥ ಕೆಲಸ ಮಾಡಿದೆ ನೀನು! ಅಂಥ ತಪ್ಪು ಪ್ರತಿ ಎಷ್ಟು ಅಪರೂಪ ಗೊತ್ತಾ? ಸೀಲ್ ಇದ್ದಿದ್ರೆ ಅದಕ್ಕೆ ಎಷ್ಟು ಬೆಲೆ ಬರ್ತಿತ್ತು!"

"ಸೀಲ್ ಇದ್ದಿದ್ರೆ ತಪ್ಪು ಅಂತ ಗೊತ್ತಾಗ್ತಾನೇ ಇರ್ಲಿಲ್ವಲ್ಲೋ."

"ಅದೇ ನಾನೂ ಹೇಳೋದು. ಗೊತ್ತಾಗದೇ ಇದ್ದಿದ್ರೆ ನಿನ್ನ ಹತ್ರ ಪೂರ್ತಿ ಸೆಟ್ ಇರ್ತಿತ್ತು."

ಇದಕ್ಕೆ ಏನು ಹೇಳಬೇಕೋ ತೋಚಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ದನಿ ತಗ್ಗಿಸಿ ಕೇಳಿದ:

"ಹೇಗೂ ಬಿಚ್ಚಿಬಿಟ್ಟಿದೀಯ. ಮೊದಲನೇದು ಎರಡಿದೆಯಲ್ಲ, ಒಂದು ನನಗೆ ಕೊಡ್ತೀಯಾ? ಆ ಸಿನಿಮಾ ನೋಡಬೇಕು ಅಂತ ತುಂಬಾ ದಿನದಿಂದ ಆಸೆ. ಮೊಬೈಲಲ್ಲಿದ್ದದ್ದನ್ನ ತೆಗೆದು ಹಾಕಿದಾರೆ."

"ನಿನ್ನ ಹತ್ರಾನೇ ಇದೆಯಲ್ಲೋ, ಕಪಾಟಿನ ಮೇಲಿನ ಸಾಲಲ್ಲಿ?"

"ಅದು ಸೀಲ್ ಇದೆ."

ಕೊಟ್ಟೆ. ಮಾರನೇ ದಿನ ಬೆಳಿಗ್ಗೆ ಆರಕ್ಕೇ ಫೋನ್ ಬಂತು. ರಾತ್ರಿಯೆಲ್ಲ ನಿದ್ದೆ ಇಲ್ಲವಂತೆ, ಅಂಥ ಜಾಗದಲ್ಲಿ ನಿಂತಿದೆ ಕಥೆ. ಮುಂದೇನಾಯಿತು ಅಂತ ಈಗ ಇಬ್ಬರಿಗೂ ಗೊತ್ತಾಗಬೇಕು. ಅವನ ಬೀಗದ ಕಪಾಟಿನೊಳಗೆ ಬಹುಶಃ ಎರಡನೇ ಡಿಸ್ಕ್ ಇದೆ. ಸದ್ಯಕ್ಕೆ ನಾವಿಬ್ಬರೂ ಆ ಡಬ್ಬಿ ಬಿಚ್ಚಿರುವ ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಿದ್ದೇವೆ.