ಮೂಳೆ ಕಾರಣವಲ್ಲ, ಈಸ್ಟ್ರೊಜೆನ್‌ನ ಗುರುತು

'ಮೂಳೆ ಸಾಂದ್ರತೆ ಹೆಚ್ಚಿದ್ದರೆ ಸ್ತನ ಕ್ಯಾನ್ಸರ್ ಅಪಾಯವೂ ಹೆಚ್ಚು' ಎಂಬ ಲೇಖನದ ಸಾಲನ್ನು ಅಲ್ಲಿಗೇ ನಿಲ್ಲಿಸಬಾರದಿತ್ತು. ಅದನ್ನು ಓದಿ ಯಾರಾದರೂ ಕ್ಯಾಲ್ಸಿಯಂ ಮಾತ್ರೆ ಬಿಟ್ಟರೆ ಅನಾಹುತ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1997ರಲ್ಲಿ ಈ ನಂಟನ್ನು ತೋರಿಸಿದ್ದು ಮುಟ್ಟು ನಿಂತ ಮಹಿಳೆಯರಲ್ಲಿ. ಗಟ್ಟಿ ಮೂಳೆ ಅಲ್ಲಿ ಕಾರಣವಲ್ಲ. ವರ್ಷಾನುಗಟ್ಟಲೆ ದೇಹದಲ್ಲಿದ್ದ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನ್ ಮೂಳೆಯನ್ನೂ ಕಾಯುತ್ತದೆ, ಸ್ತನದ ಕೋಶಗಳನ್ನೂ ಬೆಳೆಸುತ್ತದೆ.

ಲೇಖನ ಬಿಟ್ಟಿರುವ ಇನ್ನೊಂದು ಮಗ್ಗುಲು ನನಗೆ ಹೆಚ್ಚು ಮುಖ್ಯ. ಸ್ತನ ಕ್ಯಾನ್ಸರ್‌ಗೆ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ತೆಗೆದುಕೊಳ್ಳುವವರಲ್ಲಿ ಈಸ್ಟ್ರೊಜೆನ್ ತೀರಾ ಕುಸಿದು ಮೂಳೆ ಬೇಗ ಸವೆಯುತ್ತದೆ. ಈ ಮಾತ್ರೆ ಶುರುವಾಗುವ ಹೊತ್ತಿಗೇ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಬೇಕು, ಒಂದೆರಡು ವರ್ಷಕ್ಕೊಮ್ಮೆ ಮತ್ತೆ, ಅದೂ ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ. ಯಂತ್ರ ಬದಲಾದರೆ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಬೆನ್ನುಮೂಳೆಯ ಕೀಲುಗಳು ಸವೆದು ಮುಳ್ಳಿನಂತೆ ಮೂಳೆ ಬೆಳೆದಿದ್ದರೆ ಅಲ್ಲಿನ ಸಾಂದ್ರತೆ ಸುಳ್ಳೇ ಹೆಚ್ಚು ಕಾಣುತ್ತದೆ, ಸೊಂಟದ ಅಂಕಿಯನ್ನೂ ನೋಡಿ. ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕಿ) -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಮೂಳೆ ಸವೆತ ತಡೆಯುವ ಜೊಲೆಡ್ರೊನಿಕ್ ಆಸಿಡ್ ಕೊಡುವ ಮೊದಲು ಹಲ್ಲಿನ ತಪಾಸಣೆ ಮುಗಿಸಿ, ಆಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ. ಅದೇ ಉದ್ದೇಶಕ್ಕೆ ಆರು ತಿಂಗಳಿಗೊಮ್ಮೆ ಕೊಡುವ 60 ಮಿ.ಗ್ರಾಂ. ಡೆನೊಸುಮ್ಯಾಬ್ ಚುಚ್ಚುಮದ್ದನ್ನು ಬದಲಿ ಔಷಧವಿಲ್ಲದೆ ದಯವಿಟ್ಟು ನಿಲ್ಲಿಸಬೇಡಿ, ಬೆನ್ನುಮೂಳೆಗಳು ಒಂದರ ಹಿಂದೊಂದು ಮುರಿಯಬಹುದು.