ಬಳಕೆದಾರ ಬರೆದ ಸಾಲಿಗೆ ಅಪ್‌ಡೇಟ್ ಕೈ ಹಾಕಬಾರದು

ಸಾಫ್ಟ್‌ವೇರ್ ಅಪ್‌ಡೇಟ್ ಆಗುವಾಗ ಸಿಸ್ಟಂನ ಕಾನ್ಫಿಗ್ ಫೈಲುಗಳನ್ನು, ಅಂದರೆ ಸೆಟ್ಟಿಂಗ್ ಬರೆದಿಡುವ ಫೈಲುಗಳನ್ನು, ತಾನಾಗಿಯೇ ಬದಲಿಸಬಹುದೇ? ಬೇಡ ಅನ್ನುವವರ ಕಡೆ ನಾನು. ಬಳಕೆದಾರ ಒಂದೇ ಒಂದು ಸಾಲು ತಿದ್ದಿದ್ದರೂ ಆ ಫೈಲು ಆತನದು, ಕೇಳದೆ ಮುಟ್ಟುವ ಹಕ್ಕು ಯಾವ ಪ್ಯಾಕೇಜಿಗೂ ಇಲ್ಲ. ಆದರೆ ಮುಟ್ಟದೇ ಬಿಟ್ಟಿತು ಅಂದಮಾತ್ರಕ್ಕೆ ಅಪ್‌ಡೇಟಿನ ಕೆಲಸ ಮುಗಿಯುವುದಿಲ್ಲ. ಹಳೆಯ ಫೈಲನ್ನು ಹಾಗೇ ಬಿಟ್ಟು ಒಂದು ಮಾತೂ ಹೇಳದೆ ಹೋಗುವುದು ಅಷ್ಟೇ ದೊಡ್ಡ ತಪ್ಪು. ನಮ್ಮ ಕಡೆಯವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ, ಅದಕ್ಕೇ ಈ ಉದ್ದದ ಬರಹ.

ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ನಡೆಯುವುದನ್ನು ಮೊದಲು ನೋಡಿ. ಪ್ಯಾಕೇಜು ತರುವ ಪ್ರತಿ ಕಾನ್ಫಿಗ್ ಫೈಲಿನ ಎಂಡಿ5 ಗುರುತನ್ನು (ಫೈಲಿನ ಪಠ್ಯದಿಂದ ಲೆಕ್ಕ ಹಾಕಿದ ಸಂಕೇತ) ಡಿಪಿಕೆಜಿ, ಅಂದರೆ ಅಲ್ಲಿ ಪ್ಯಾಕೇಜು ಹಾಕುವ ಪ್ರೋಗ್ರಾಂ, ಇನ್‌ಸ್ಟಾಲ್ ಆಗುವಾಗಲೇ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಅಪ್‌ಡೇಟ್ ಬಂದಾಗ ಮೂರನ್ನು ಎದುರುಬದುರು ಇಡುತ್ತದೆ: ಹಳೆಯ ಪ್ಯಾಕೇಜು ಕೊಟ್ಟದ್ದು, ಈಗ ಡಿಸ್ಕಿನಲ್ಲಿರುವುದು, ಹೊಸ ಪ್ಯಾಕೇಜು ತಂದದ್ದು. ನೀವು ಮುಟ್ಟೇ ಇಲ್ಲವೆಂದರೆ ಹೊಸದು ಸದ್ದಿಲ್ಲದೆ ಬಂದು ಕೂರುತ್ತದೆ. ನೀವು ತಿದ್ದಿದ್ದು ಪ್ಯಾಕೇಜ್ ಮಾಡಿದವರು ತಿದ್ದಿಲ್ಲವೆಂದರೆ ನಿಮ್ಮದೇ ಉಳಿಯುತ್ತದೆ. ಇಬ್ಬರೂ ತಿದ್ದಿದ್ದಾಗ ಮಾತ್ರ ನಿಂತು ಕೇಳುತ್ತದೆ. ವೈ ಒತ್ತಿದರೆ ಅವರದು, ಎನ್ ಒತ್ತಿದರೆ ನಿಮ್ಮದು, ಡಿ ಒತ್ತಿದರೆ ಎರಡರ ವ್ಯತ್ಯಾಸ ಕಾಣಿಸುತ್ತದೆ, ಝಡ್ ಒತ್ತಿದರೆ ಶೆಲ್ (ಕಮಾಂಡ್ ಬರೆಯುವ ಜಾಗ) ತೆರೆಯುತ್ತದೆ. ಬರೀ ಎಂಟರ್ ಹೊಡೆದರೆ ನಿಮ್ಮದು ಉಳಿಯುತ್ತದೆ. ಫೈಲನ್ನೇ ಅಳಿಸಿ ಹಾಕಿದ್ದರೆ ಅದನ್ನೂ ನಿಮ್ಮ ತೀರ್ಮಾನವೆಂದು ಗೌರವಿಸಿ, ಕೇಳದೆ ಮತ್ತೆ ತಂದಿಡುವುದಿಲ್ಲ. ಪ್ಯಾಕೇಜಿನ ಇನ್‌ಸ್ಟಾಲ್ ಸ್ಕ್ರಿಪ್ಟುಗಳು ಇಂಥ ಫೈಲನ್ನು ತಿದ್ದಲೇಬಾರದು, ತನ್ನದೇ ಪ್ಯಾಕೇಜಿನದಾದರೂ ಸರಿ, ಎಂದು ಡೆಬಿಯನ್ ಪಾಲಿಸಿಯಲ್ಲೇ ಬರೆದಿದೆ. ಇಷ್ಟು ನಾಜೂಕಾಗಿ ಯೋಚಿಸಿದ ವ್ಯವಸ್ಥೆ ಅಪರೂಪ.

ಫೆಡೋರಾ, ರೆಡ್ ಹ್ಯಾಟ್ ಲಿನಕ್ಸ್‌ಗಳಲ್ಲಿ ಇದೇ ಕೆಲಸ ಮಾಡುವ ಆರ್‌ಪಿಎಂ ಕೇಳುವುದೇ ಇಲ್ಲ. ಪ್ಯಾಕೇಜ್ ಮಾಡಿದವರು ಫೈಲಿಗೆ 'ನೋರಿಪ್ಲೇಸ್' ಅಂತ ಗುರುತು ಹಾಕಿದ್ದರೆ ನಿಮ್ಮದು ಉಳಿದು, ಹೊಸದು 'ಆರ್‌ಪಿಎಂನ್ಯೂ' ಬಾಲ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತದೆ. ಆ ಗುರುತು ಇಲ್ಲದಿದ್ದರೆ ಉಲ್ಟಾ: ಹೊಸದು ಗದ್ದುಗೆ ಏರುತ್ತದೆ, ನೀವು ಬರೆದದ್ದು 'ಆರ್‌ಪಿಎಂಸೇವ್' ಆಗಿ ಮೂಲೆಗೆ ಹೋಗುತ್ತದೆ. ಎಲ್ಲೋ ಕೂತ ಪ್ಯಾಕೇಜರ್ ಸ್ಪೆಕ್ ಫೈಲಿನಲ್ಲಿ (ಪ್ಯಾಕೇಜ್ ಕಟ್ಟುವ ಸೂಚನೆಗಳ ಫೈಲು) ಒಂದು ಪದ ಹಾಕಿದರೋ ಇಲ್ಲವೋ ಎಂಬುದರ ಮೇಲೆ ನಿಮ್ಮ ಸರ್ವರಿನ ಹಣೆಬರಹ ನಿಂತಿದೆ ಎಂದಾಯಿತು. ಇದು ನನಗೆ ಒಪ್ಪಿತವಲ್ಲ. ಆರ್ಚ್ ಲಿನಕ್ಸ್‌ನ ಪ್ಯಾಕ್‌ಮ್ಯಾನ್ ಕೂಡ ಹೊಸದನ್ನು 'ಪ್ಯಾಕ್‌ನ್ಯೂ' ಬಾಲ ಹಚ್ಚಿ ಪಕ್ಕದಲ್ಲಿಟ್ಟು ಒಂದು ಎಚ್ಚರಿಕೆಯ ಸಾಲು ತೋರಿಸಿ ಮುಂದೆ ಹೋಗುತ್ತದೆ. ನೂರಾರು ಸಾಲುಗಳು ಓಡುವ ಪರದೆಯಲ್ಲಿ ಆ ಒಂದು ಸಾಲು ಕಣ್ಣಿಗೆ ಬಿದ್ದರೆ ಪುಣ್ಯ.

"ಭದ್ರತೆಯ ಕಾರಣಕ್ಕಾದರೂ ತಾನಾಗಿಯೇ ಬದಲಿಸಲಿ ಬಿಡಿ" ಅನ್ನುವವರ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2015ರಲ್ಲಿ ದೂರದ ಮೆಷಿನ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ 7.0 ಬಂದಾಗ ರೂಟ್ (ಪೂರ್ಣ ಅಧಿಕಾರದ ಖಾತೆ) ಲಾಗಿನ್‌ನ ಡಿಫಾಲ್ಟ್ ಬದಲಾಯಿತು. ಅಲ್ಲಿಯವರೆಗೆ 'ಯೆಸ್' ಇದ್ದದ್ದು ಪಾಸ್‌ವರ್ಡ್ ಮೂಲಕ ರೂಟ್ ಒಳಬರದಂತಾಯಿತು. ಒಳ್ಳೆಯ ತೀರ್ಮಾನ. ಏನನ್ನೂ ಬರೆಯದೆ ಬಿಟ್ಟವರಿಗೆಲ್ಲ ಅದು ಹಾಗೇ ತಲುಪಿತು, ತಲುಪಬೇಕಾದದ್ದೂ ಹಾಗೆಯೇ. ಆದರೆ ಒಬ್ಬ ಅಡ್ಮಿನ್ ಬೇಕೆಂದೇ 'ಯೆಸ್' ಎಂದು ಬರೆದಿದ್ದರೆ? ರಾತ್ರಿ ಬ್ಯಾಕಪ್ ತೆಗೆಯುವ ಇನ್ನೊಂದು ಮೆಷಿನ್ ಅದೇ ದಾರಿಯಲ್ಲಿ ಬರುತ್ತಿರಬಹುದು. ಆ ಸಾಲನ್ನು ಸದ್ದಿಲ್ಲದೆ 'ನೋ' ಮಾಡಿದರೆ ಬ್ಯಾಕಪ್ ನಿಲ್ಲುತ್ತದೆ, ನಿಂತದ್ದು ಗೊತ್ತಾಗುವುದು ಬ್ಯಾಕಪ್ ಬೇಕಾದ ದಿನ. ಡಿಫಾಲ್ಟ್ ಬದಲಿಸುವುದು ಸಾಫ್ಟ್‌ವೇರ್ ಬರೆದವರ ಅಧಿಕಾರ. ಬರೆದ ಸಾಲನ್ನು ಬದಲಿಸುವುದು ಅಧಿಕಾರದ ದುರುಪಯೋಗ.

ಹಾಗಾದರೆ ಎರಡನ್ನೂ ಬೆರೆಸಿಬಿಡಲಿ, ಫೈಲುಗಳ ಬದಲಾವಣೆಯ ದಾಖಲೆ ಇಡುವ ಗಿಟ್ ಮಾಡುವಂತೆ ಮರ್ಜ್ ಮಾಡಲಿ ಅನ್ನುವವರೂ ಇದ್ದಾರೆ. ಕಾನ್ಫಿಗ್ ಫೈಲಿನಲ್ಲಿ ಇದು ಯಾಕೆ ಅಪಾಯ ಎಂದರೆ, ಸಾಲುಗಳ ಅರ್ಥ ಅವುಗಳ ಜಾಗದ ಮೇಲೆ ನಿಂತಿರುತ್ತದೆ, ಆ ನಿಯಮವೂ ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಥರ. ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಭಾಗವಾದ ಎಸ್‌ಎಸ್‌ಎಚ್‌ಡಿಯಲ್ಲಿ ಒಂದೇ ಸೆಟ್ಟಿಂಗ್ ಎರಡು ಕಡೆ ಬಂದರೆ ಮೊದಲು ಓದಿದ್ದು ಗೆಲ್ಲುತ್ತದೆ. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ, ಕರ್ನಲ್ (ಸಿಸ್ಟಂನ ತಿರುಳು) ಸೆಟ್ಟಿಂಗ್ ಹೊಂದಿಸುವ ಸಿಸ್‌ಸಿಟಿಎಲ್‌ಗಳಲ್ಲಿ ಕೊನೆಗೆ ಓದಿದ್ದು ಗೆಲ್ಲುತ್ತದೆ. ಬರೀ ಪಠ್ಯ ನೋಡಿ ಬೆರೆಸುವ ಯಂತ್ರಕ್ಕೆ ಇದು ಎಲ್ಲಿ ಗೊತ್ತು?

ಈ ಒಂದು ವ್ಯತ್ಯಾಸ ಏನು ಮಾಡುತ್ತದೆ ಅಂತ ಹತ್ತಿರದಿಂದ ನೋಡಿ. ಉಬುಂಟುವಿನ ಕ್ಲೌಡ್ ಸರ್ವರುಗಳಲ್ಲಿ 'ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ' ಫೋಲ್ಡರಿನೊಳಗೆ '50-ಕ್ಲೌಡ್-ಇನಿಟ್' ಎಂಬ ಫೈಲು ಇರಬಹುದು, ಅದರಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ 'ಯೆಸ್' ಇರಬಹುದು. ಒಬ್ಬರು ಸಿಸ್ಟಂಡಿಯ ಅಭ್ಯಾಸದಲ್ಲಿ '99' ಅಂತ ಶುರುವಾಗುವ ಫೈಲು ಮಾಡಿ ಅದರಲ್ಲಿ 'ನೋ' ಬರೆಯುತ್ತಾರೆ, ಕೊನೆಗೆ ಬಂದದ್ದು ಗೆಲ್ಲುತ್ತದೆ ಎಂಬ ನಂಬಿಕೆಯಲ್ಲಿ. ಇಲ್ಲಿ 50 ಮೊದಲು ಬರುತ್ತದೆ, ಅದೇ ಗೆಲ್ಲುತ್ತದೆ. ಫೈಲು ತೆರೆದು ನೋಡಿದರೆ 'ನೋ' ಕಾಣಿಸುತ್ತದೆ, ಬಾಗಿಲು ಮಾತ್ರ ತೆರೆದೇ ಇದೆ. '00' ಅಥವಾ '10' ಅಂತ ಹೆಸರಿಟ್ಟರೆ ಸರಿಹೋಗುತ್ತದೆ. ನಿಜವಾಗಿ ಜಾರಿಯಲ್ಲಿರುವುದು ಯಾವುದೆಂದು ತಿಳಿಯಲು ರೂಟ್ ಆಗಿ 'ಎಸ್‌ಎಸ್‌ಎಚ್‌ಡಿ' ಕಮಾಂಡಿಗೆ ದೊಡ್ಡಕ್ಷರದ ಟಿ ಕೊಟ್ಟು ಓಡಿಸಿ. ಎಲ್ಲ ಫೈಲು ಓದಿದ ಮೇಲೆ ಉಳಿದ ಅಂತಿಮ ಸೆಟ್ಟಿಂಗ್‌ಗಳನ್ನು ಅದು ಪಟ್ಟಿ ಮಾಡುತ್ತದೆ. ಮನುಷ್ಯರೇ ಎಡವುವ ಇಂಥ ಜಾಗದಲ್ಲಿ ಆಟೊಮ್ಯಾಟಿಕ್ ಮರ್ಜ್‌ಗೆ ಕೀಲಿ ಕೊಡುವುದು ಬೇಡ.

ಈಗ ನಮ್ಮ ಕಡೆಯ ತಪ್ಪಿಗೆ ಬರೋಣ. ಮುಟ್ಟದೆ ಬಿಟ್ಟ ಫೈಲು ಎಷ್ಟು ಕಾಟ ಕೊಡುತ್ತದೆ ಅನ್ನುವುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ 8.0ದಲ್ಲಿ ಕ್ವೆರಿ ಕ್ಯಾಶ್ (ಹಿಂದೆ ಕೊಟ್ಟ ಉತ್ತರಗಳನ್ನು ನೆನಪಿಡುವ ಸೌಲಭ್ಯ) ಅನ್ನೇ ಕಿತ್ತುಹಾಕಿದರು. ಹಳೆಯ ಕಾನ್ಫಿಗ್‌ನಲ್ಲಿ ಅದರ ಸೈಜ್ ಬರೆದ ಸಾಲು ಉಳಿದಿದ್ದರೆ 'ಅನ್‌ನೋನ್ ವೇರಿಯಬಲ್' ಎಂದು ಹೇಳಿ ಡೇಟಾಬೇಸ್ ಏಳುವುದೇ ಇಲ್ಲ. ಇದು ಎಷ್ಟೋ ವಾಸಿ, ಯಾಕೆಂದರೆ ಕೂಗಿ ಹೇಳುತ್ತದೆ. ಕೂಗದೆ ಕೆಡುವವೇ ಕಷ್ಟ. ಡೆಬಿಯನ್ 13ರಲ್ಲಿ ಬೂಟ್ ಆಗುವಾಗ, ಕಾನ್ಫಿಗ್ ಫೈಲುಗಳಿರುವ ಇಟಿಸಿ ಫೋಲ್ಡರಿನ 'ಸಿಸ್‌ಸಿಟಿಎಲ್ ಡಾಟ್ ಕಾನ್ಫ್' ಫೈಲನ್ನು ಸಿಸ್ಟಂಡಿ ಓದುವುದನ್ನು ನಿಲ್ಲಿಸಿತು. ಫೈಲು ಅಲ್ಲೇ ಇದೆ, ಒಂದಕ್ಷರವೂ ಬದಲಾಗಿಲ್ಲ, ಆದರೆ ಓದುವವರಿಲ್ಲ. ಐಪಿ ಫಾರ್ವರ್ಡಿಂಗ್ ಅನ್ನು ಅಲ್ಲೇ ಬರೆದಿಟ್ಟವರ ವಿಪಿಎನ್ ಸರ್ವರ್ ರೀಬೂಟ್ ಆದ ಮೇಲೆ ಪ್ಯಾಕೆಟ್ ದಾಟಿಸುವುದಿಲ್ಲ. ಕೈಯಾರೆ 'ಸಿಸ್‌ಸಿಟಿಎಲ್ -ಪಿ' ಓಡಿಸಿದರೆ ಆ ಕಮಾಂಡು ಅದೇ ಹಳೆಯ ಫೈಲನ್ನು ಓದಿ ಎಲ್ಲ ಸರಿಮಾಡುತ್ತದೆ, ಮುಂದಿನ ರೀಬೂಟಿಗೆ ಮತ್ತೆ ಹೋಗುತ್ತದೆ. ತಲೆ ಕೆಡಲು ಇಷ್ಟು ಸಾಕು. ಆ ಸಾಲುಗಳನ್ನು 'ಸಿಸ್‌ಸಿಟಿಎಲ್ ಡಾಟ್ ಡಿ' ಫೋಲ್ಡರಿಗೆ, 'ಕಾನ್ಫ್' ಎಂದು ಕೊನೆಯಾಗುವ ಫೈಲಿಗೆ ಸಾಗಿಸುವುದೇ ಪರಿಹಾರ.

ವೆಬ್‌ಸೈಟುಗಳನ್ನು ನಡೆಸುವ ಪಿಎಚ್‌ಪಿಯದು ಇನ್ನೊಂದು ಬಗೆ. ಡೆಬಿಯನ್ 11ರಲ್ಲಿ 7.4 ಇತ್ತು, 12ರಲ್ಲಿ 8.2. ಪ್ರತಿ ಆವೃತ್ತಿಗೂ ಬೇರೆ ಫೋಲ್ಡರು, ಹಾಗಾಗಿ ನಿಮ್ಮ ಹಳೆಯ 'ಪಿಎಚ್‌ಪಿ ಡಾಟ್ ಐಎನ್‌ಐ' ಸುರಕ್ಷಿತ, ಹೊಸ ಪಿಎಚ್‌ಪಿ ಮಾತ್ರ ಹೊಸ ಡಿಫಾಲ್ಟ್ ಫೈಲಿನೊಂದಿಗೆ ಏಳುತ್ತದೆ. ನೀವು 64 ಎಂಬಿ ಮಾಡಿಕೊಂಡಿದ್ದ ಅಪ್‌ಲೋಡ್ ಮಿತಿ 2 ಎಂಬಿಗೆ, ಪೋಸ್ಟ್ ಮಿತಿ 8 ಎಂಬಿಗೆ ಇಳಿದುಬಿಡುತ್ತದೆ. ಸೈಟು ತೆರೆಯುತ್ತದೆ, ಲಾಗಿನ್ ಆಗುತ್ತದೆ, 3 ಎಂಬಿಯ ಫೋಟೊ ಮಾತ್ರ ಏರುವುದಿಲ್ಲ. ಯಾರ ಸಾಲನ್ನೂ ಅಳಿಸಿಲ್ಲವಾದ್ದರಿಂದ ನಿಯಮ ಮುರಿದಂತಾಗಲಿಲ್ಲ, ಆದರೂ ಬಳಕೆದಾರ ಹೇಳಿದ್ದು ನಡೆಯಲಿಲ್ಲ.

ಇದನ್ನು ಸರಿಯಾಗಿ ಮಾಡಿ ತೋರಿಸಿದ್ದು ನನ್ನ ಮಟ್ಟಿಗೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್. 2015ರಲ್ಲಿ 3.0 ಬಂದಾಗ ಹಲವು ಡಿಫಾಲ್ಟುಗಳನ್ನು ಬದಲಿಸಬೇಕಿತ್ತು. ಅವರು ಯಾರ ಫೈಲಿಗೂ ಕೈ ಹಾಕಲಿಲ್ಲ, ಸುಮ್ಮನೆ ಹೊಸದನ್ನು ಹೇರಲೂ ಇಲ್ಲ. 'ಕಂಪ್ಯಾಟಿಬಿಲಿಟಿ ಲೆವೆಲ್' ಎಂಬ ಒಂದು ಸೆಟ್ಟಿಂಗ್ ತಂದರು. ಅದನ್ನು ನೀವು ಏರಿಸುವವರೆಗೆ ಪೋಸ್ಟ್‌ಫಿಕ್ಸ್ ಹಳೆಯ ನಡವಳಿಕೆಯಲ್ಲೇ ಓಡುತ್ತದೆ, ಯಾವ ಜಾಗದಲ್ಲಿ ಹೊಸ ಡಿಫಾಲ್ಟ್‌ನಿಂದ ನಿಮ್ಮ ಮೇಲ್ ಬೇರೆ ಥರ ನಡೆಯುತ್ತಿತ್ತೋ ಅಲ್ಲೇ, ಆ ಸೆಟ್ಟಿಂಗ್‌ನ ಹೆಸರು ಹಿಡಿದು ಲಾಗ್‌ನಲ್ಲಿ ಹೇಳುತ್ತದೆ. ಕೆಲವು ದಿನ ಲಾಗ್ ನೋಡಿ, ಹಳೆಯದೇ ಬೇಕಾದದ್ದನ್ನು ಫೈಲಿನಲ್ಲಿ ಬರೆದಿಟ್ಟು, ಆಮೇಲೆ ಲೆವೆಲ್ ಏರಿಸಿ ರೀಲೋಡ್ ಮಾಡಿದರೆ ಆಯಿತು. ಸುಮ್ಮನಿರುವುದಕ್ಕೂ ಹೇರುವುದಕ್ಕೂ ನಡುವೆ ಇಷ್ಟು ಚೆನ್ನಾದ ದಾರಿ ಇರುವಾಗ ಉಳಿದವರಿಗೆ ಯಾಕೆ ಸಾಧ್ಯವಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಆಪಲ್ ಕೂಡ ತಡವಾಗಿಯಾದರೂ ಇದೇ ದಾರಿಗೆ ಬಂದಿತು. ಸುಡೋಗೆ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಬೆರಳಚ್ಚಿನ ಟಚ್ ಐಡಿ ಹಾಕಿಕೊಂಡವರ ಸಾಲನ್ನು ಮ್ಯಾಕ್‌ಓಎಸ್ ಅಪ್‌ಡೇಟುಗಳು ಅಳಿಸಿಹಾಕುತ್ತಿದ್ದವು. 2023ರ ಸೋನೋಮಾದಿಂದ 'ಸುಡೋ ಲೋಕಲ್' ಎಂಬ ಬೇರೆ ಫೈಲಿಗೆ ಜಾಗ ಮಾಡಿಕೊಟ್ಟರು. ಅದರಲ್ಲಿ ಬರೆದದ್ದು ಅಪ್‌ಡೇಟ್ ಆದರೂ ಉಳಿಯುತ್ತದೆ.

ಒಂದು ಮಾತು ಬಳಕೆದಾರರ ಕಡೆಗೂ. ಕೆಲವು ಫೈಲುಗಳು ನಿಮ್ಮವಲ್ಲ. ಬೂಟ್ ಫೋಲ್ಡರಿನ 'ಗ್ರಬ್ ಡಾಟ್ ಸಿಎಫ್‌ಜಿ', ಸಿಸ್ಟಂ ಬೂಟ್ ಮಾಡುವ ಗ್ರಬ್‌ಗಾಗಿ ಯಂತ್ರ ಬರೆಯುವ ಫೈಲು, ತಿದ್ದಬೇಡಿ ಎಂದು ಅದರ ತಲೆಯಲ್ಲೇ ಬರೆದಿದೆ. ಅಲ್ಲಿ ತಿದ್ದಿ, ಹೊಸ ಕರ್ನಲ್ ಬಂದಾಗ ಹೋಯಿತು ಎಂದು ಬೈಯುವುದು ನ್ಯಾಯವಲ್ಲ. ತಿದ್ದಬೇಕಾದದ್ದು ಇಟಿಸಿಯ ಡಿಫಾಲ್ಟ್ ಫೋಲ್ಡರಿನಲ್ಲಿರುವ 'ಗ್ರಬ್' ಫೈಲನ್ನು, ಆಮೇಲೆ 'ಅಪ್‌ಡೇಟ್-ಗ್ರಬ್' ಓಡಿಸಬೇಕು.

ಇನ್ನು, ಇಡೀ ಫೈಲನ್ನು ನಕಲು ಮಾಡಿ ಒಂದು ಸಾಲು ತಿದ್ದುವ ಅಭ್ಯಾಸ ಬಿಡಿ, ವ್ಯತ್ಯಾಸವನ್ನಷ್ಟೇ ಬರೆಯಿರಿ. ಸಿಸ್ಟಂಡಿಯಲ್ಲಿ 'ಸಿಸ್ಟಂಸಿಟಿಎಲ್ ಎಡಿಟ್' ಕೊಟ್ಟರೆ ನಿಮ್ಮ ಸಾಲುಗಳಿಗೇ ಒಂದು ಚಿಕ್ಕ ಫೈಲು ಸಿದ್ಧವಾಗುತ್ತದೆ, ಮೂಲ ಫೈಲು ಅಪ್‌ಡೇಟ್ ಪಡೆಯುತ್ತಲೇ ಇರುತ್ತದೆ. ಅಲ್ಲಿ 'ಎಕ್ಸೆಕ್‌ಸ್ಟಾರ್ಟ್' (ಸರ್ವಿಸ್ ಶುರುಮಾಡುವ ಕಮಾಂಡು) ಬದಲಿಸುವಾಗ ಮೊದಲು ಖಾಲಿ 'ಎಕ್ಸೆಕ್‌ಸ್ಟಾರ್ಟ್' ಸಾಲು ಬರೆದು ಹಳೆಯದನ್ನು ತೆಗೆಯಬೇಕು. ಇಲ್ಲದಿದ್ದರೆ ಎರಡು ಕಮಾಂಡುಗಳಾಗಿ, ಸಾಮಾನ್ಯ ಸರ್ವಿಸ್ ಶುರುವಾಗಲು ಒಪ್ಪುವುದಿಲ್ಲ. ಎಸ್‌ಎಸ್‌ಎಚ್‌ನ ಸೈಫರ್ (ಗೂಢಲಿಪಿ ವಿಧಾನ) ಪಟ್ಟಿಯನ್ನು ಯಾವುದೋ ಹಳೆಯ ಗೈಡಿನಿಂದ ಪೂರ್ತಿ ಎತ್ತಿ ಹಾಕುವ ಬದಲು, ಬೇಡದ್ದರ ಪಟ್ಟಿಯ ಮುಂದೆ ಒಂದು ಮೈನಸ್ ಚಿಹ್ನೆ ಇಟ್ಟು ಬರೆಯಿರಿ. ಆಗ ಮುಂದೆ ಬರುವ ಹೊಸ ಸೈಫರುಗಳು ತಾವಾಗಿಯೇ ಸೇರುತ್ತವೆ.

ಆಟೊಮೇಷನ್ ಸ್ಕ್ರಿಪ್ಟುಗಳಲ್ಲಿ ಡಿಪಿಕೆಜಿಗೆ ಕೊಡುವ 'ಫೋರ್ಸ್-ಕಾನ್ಫ್‌ನ್ಯೂ' ಆಯ್ಕೆ ಇದ್ದರೆ ಇವತ್ತೇ ತೆಗೆಯಿರಿ. ಇಬ್ಬರೂ ತಿದ್ದಿದ ಫೈಲುಗಳಲ್ಲಿ ಅದು ಕೇಳದೆ ಹೊಸದನ್ನೇ ಕೂರಿಸುತ್ತದೆ. ನಿಮ್ಮದು ಉಳಿಯಲು ಬೇಕಾದದ್ದು 'ಕಾನ್ಫ್‌ಡೆಫ್' ಮತ್ತು 'ಕಾನ್ಫ್‌ಓಲ್ಡ್' ಎರಡೂ ಸೇರಿ. ಡೆಬಿಯನ್‌ನ ಫ್ರಂಟೆಂಡನ್ನು 'ನಾನ್‌ಇಂಟರಾಕ್ಟಿವ್' ಮಾಡಿದರೆ ಯಾವ ಫೈಲು ಬೇಕೆಂಬ ಪ್ರಶ್ನೆ ಬರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಪ್ರಶ್ನೆ ಕೇಳುವುದು ಡಿಪಿಕೆಜಿ, ಅದಕ್ಕೆ ಆ ಸೆಟ್ಟಿಂಗ್ ಲೆಕ್ಕಕ್ಕಿಲ್ಲ.

ಇಟಿಸಿಯನ್ನು ಗಿಟ್‌ನಲ್ಲಿ ಇಡುವ 'ಇಟಿಸಿಕೀಪರ್' ಹಾಕಿಕೊಳ್ಳಿ, ಪ್ರತಿ ಅಪ್‌ಡೇಟಿನ ಹಿಂದೆ ಮುಂದೆ ಅದು ತಾನೇ ಕಮಿಟ್ ಮಾಡುತ್ತದೆ, ಯಾವ ಸಾಲು ಯಾವಾಗ ಹೋಯಿತು ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ಪಾಸ್‌ವರ್ಡ್ ಹ್ಯಾಶ್ ಇರುವ ಶ್ಯಾಡೊ ಫೈಲೂ ಅದರೊಳಗೆ ಹೋಗುತ್ತದೆ, ಆದ್ದರಿಂದ ಹೊರಗಿನ ರೆಪೊಗೆ ಪುಶ್ ಮಾಡಬೇಡಿ. ಎಸ್‌ಎಸ್‌ಎಚ್ ಅಪ್‌ಡೇಟ್ ಆದ ಮೇಲೆ 'ಎಸ್‌ಎಸ್‌ಎಚ್‌ಡಿ' ಕಮಾಂಡಿಗೆ ಸಣ್ಣಕ್ಷರದ ಟಿ ಕೊಟ್ಟು ಫೈಲು ಪರೀಕ್ಷಿಸಿ, ಇರುವ ಸೆಷನ್ ಮುಚ್ಚದೆ ಇನ್ನೊಂದು ಕಿಟಕಿಯಿಂದ ಲಾಗಿನ್ ಆಗಿ ನೋಡಿ. ಕೊನೆಗೆ 'ಡಿಪಿಕೆಜಿ-ಡಿಸ್ಟ್', 'ಡಿಪಿಕೆಜಿ-ಓಲ್ಡ್', 'ಯುಸಿಎಫ್-ಡಿಸ್ಟ್' ಬಾಲದ ಫೈಲುಗಳನ್ನು ಹುಡುಕಿ, ಡಿಫ್ ನೋಡಿ, ಬೇಕಾದ್ದನ್ನು ತೆಗೆದುಕೊಂಡು ಅಳಿಸಿ. ನಿಮ್ಮದೇ ಬ್ಯಾಕಪ್ ಪ್ರತಿಯನ್ನು ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ನ 'ಸೈಟ್ಸ್-ಎನೇಬಲ್ಡ್' ಒಳಗಂತೂ ಇಡಬೇಡಿ. ಡೆಬಿಯನ್‌ನಲ್ಲಿ ಅದು ಆ ಫೋಲ್ಡರಿನ ಎಲ್ಲ ಫೈಲನ್ನೂ ಹೆಸರು ನೋಡದೆ ಓದುತ್ತದೆ, ಪ್ರತಿಯಲ್ಲೂ ಡಿಫಾಲ್ಟ್ ಸರ್ವರ್ ಸಾಲು ಇದ್ದರೆ 'ಡಿಫಾಲ್ಟ್ ಸರ್ವರ್ ಎರಡು ಬಾರಿ ಇದೆ' ಎಂಬ ಎರರ್ ಕೊಟ್ಟು ರೀಲೋಡ್ ಆಗದೆ ನಿಲ್ಲುತ್ತದೆ.